ಫೋಟೊದಲ್ಲಿ ಬ್ಯಾಡಗಿ ಮೆಣಸಿನಕಾಯಿ ಅಳೆಯುವುದು ಹೇಗೆ: ಇಮೇಜ್‌ಜೆ, ಗಿಂಪ್ ಟಿಪ್ಪಣಿ

ಪ್ರಾಜೆಕ್ಟ್‌ಗಾಗಿ ಬ್ಯಾಡಗಿ ಮೆಣಸಿನಕಾಯಿಯ ಉದ್ದ ಅಳೆಯಬೇಕಿತ್ತು. ಉದ್ದನೆಯ ಕಡ್ಡಿ ಬಗೆಯದು ಒಂದಿಷ್ಟು, ಗಿಡ್ಡ ಡಬ್ಬಿ ಬಗೆಯದು ಒಂದಿಷ್ಟು. ಒಣಗಿದ ಕಾಯಿ ಸುಕ್ಕುಗಟ್ಟಿ ಸೊಟ್ಟಗಾಗಿರುತ್ತದೆ, ನೇರ ಮಾಡಲು ಹೋದರೆ ಮುರಿಯುತ್ತದೆ. ಹಾಗಾಗಿ ಫೋಟೊ ತೆಗೆದು ಕಂಪ್ಯೂಟರ್‌ನಲ್ಲಿ ಅಳೆದೆವು. ಹಾವೇರಿ, ಧಾರವಾಡದ ಕಡೆ ಎಲೆ, ಕಾಳು, ಕಾಯಿ ಅಳೆಯಲು ಹೊರಟವರಿಗೆ ಈ ಟಿಪ್ಪಣಿ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಪಿಕ್ಸೆಲ್‌ಗೆ, ಅಂದರೆ ಫೋಟೊದ ಒಂದು ಚುಕ್ಕಿಗೆ, ತನ್ನದೇ ಉದ್ದ ಇಲ್ಲ, ಅದನ್ನು ನಾವೇ ಕೊಡಬೇಕು. ಮೊಬೈಲ್ ಫೋಟೊದ ಮಾಹಿತಿಯಲ್ಲಿ 72 ಡಿಪಿಐ (ಇಂಚಿಗೆ 72 ಪಿಕ್ಸೆಲ್) ಅಂತ ಕಂಡರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ. ಕಾಯಿ ಎಷ್ಟು ದೂರದಲ್ಲಿತ್ತು ಅಂತ ಆ ಸಂಖ್ಯೆಗೆ ಗೊತ್ತಿಲ್ಲ. ಸ್ಕ್ಯಾನರ್ ಮಾತು ಬೇರೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 1 ಸೆಂ.ಮೀ.ಗೆ ಸುಮಾರು 118 ಪಿಕ್ಸೆಲ್. ಚಪ್ಪಟೆ ಎಲೆಗೆ ಅದೇ ವಾಸಿ.

ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ನಾಣ್ಯ ಇಡುವವರೂ ಇದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. 1 ರೂಪಾಯಿಯಲ್ಲೇ 2011ರ ಸರಣಿಯದು 22 ಮಿ.ಮೀ., ಅದಕ್ಕೂ ಹಿಂದಿನ ಕೆಲವು 25 ಮಿ.ಮೀ. ಸ್ಕೇಲ್ ಕೆಳಗೆ ಒಂದೆರಡು ರಟ್ಟಿನ ತುಂಡು ಕೊಟ್ಟು ಕಾಯಿಯ ನಡು ಮಟ್ಟಕ್ಕೆ ಎತ್ತಿ. ಕ್ಯಾಮೆರಾಕ್ಕೆ ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತದೆ ಅಲ್ವಾ? ಮೊಬೈಲ್ ನೇರ ಮೇಲಿರಲಿ, ಕಾಯಿ ಫೋಟೊದ ನಡುವೆ ಬರಲಿ.

ಅಳೆಯಲು ಇಮೇಜ್‌ಜೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಶುರು ಮಾಡಿದ ತಂತ್ರಾಂಶ ಇದು, ಪೂರ್ತಿ ಉಚಿತ. ಫೋಟೊ ತೆರೆದು, ಸ್ಕೇಲ್‌ನ 0ಯಿಂದ 10 ಸೆಂ.ಮೀ.ವರೆಗೆ ಗೆರೆ ಎಳೆಯಿರಿ. 'ಅನಲೈಜ್' ಮೆನುವಿನಲ್ಲಿ 'ಸೆಟ್ ಸ್ಕೇಲ್' ಒತ್ತಿ, ಗೊತ್ತಿರುವ ದೂರ 100, ಅಳತೆ ಮಿ.ಮೀ. ಅಂತ ತುಂಬಿ. ನಮ್ಮ ಗೆರೆ 1850 ಪಿಕ್ಸೆಲ್ ಬಂತು. ಅಂದರೆ 1 ಮಿ.ಮೀ.ಗೆ 18.5 ಪಿಕ್ಸೆಲ್. ಸೊಟ್ಟ ಕಾಯಿಗೆ ನೇರ ಗೆರೆ ಸಾಲದು. ಗೆರೆಯ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಗ್ಮೆಂಟೆಡ್ ಲೈನ್' ಆರಿಸಿ. ತೊಟ್ಟಿನ ಬುಡದಿಂದ ತುದಿಯವರೆಗೆ, ಬಾಗಿದಲ್ಲೆಲ್ಲ ಒಂದೊಂದು ಕ್ಲಿಕ್ ಮಾಡುತ್ತಾ ಹೋಗಿ, ಕೊನೆಗೆ ಡಬಲ್ ಕ್ಲಿಕ್. ಕೀಲಿಮಣೆಯಲ್ಲಿ 'ಎಂ' ಒತ್ತಿದರೆ ಉದ್ದ ಪಟ್ಟಿಗೆ ಸೇರುತ್ತದೆ. ಒಂದು ಕಡ್ಡಿ 2590 ಪಿಕ್ಸೆಲ್ ಇತ್ತು, 14 ಸೆಂ.ಮೀ.

ನಾನು ಎಡವಿದ್ದು ಇಲ್ಲೇ. 'ಸೆಟ್ ಸ್ಕೇಲ್'ನಲ್ಲಿ 'ಗ್ಲೋಬಲ್' ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಮುಂದಿನ ಎಲ್ಲ ಫೋಟೊಗೂ ಅದೇ ಅಳತೆ. ನಡುವೆ ಕೆಲವು ಫೋಟೊ ಭಾರ ಅನ್ನಿಸಿ, ಫೋಟೊ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಅಗಲ-ಎತ್ತರ ಅರ್ಧಕ್ಕೆ ಇಳಿಸಿದ್ದೆ. ಅದೇ ಕಡ್ಡಿ ಈಗ 1295 ಪಿಕ್ಸೆಲ್, ಪಟ್ಟಿಯಲ್ಲಿ 7 ಸೆಂ.ಮೀ. ಉದ್ದನೆಯ ಕಡ್ಡಿ ಲೆಕ್ಕದಲ್ಲಿ ಗಿಡ್ಡ ಡಬ್ಬಿಯಾಗಿತ್ತು! ಎಲೆಯ ವಿಸ್ತೀರ್ಣ ಅಳೆದಿದ್ದರೆ ಇನ್ನೂ ಕಷ್ಟ, ಕಾಲು ಭಾಗಕ್ಕೆ ಇಳಿಯುತ್ತಿತ್ತು. ಒಂದು ದಿನದ ಕೆಲಸ ಪೂರ್ತಿ ಮತ್ತೆ ಮಾಡಬೇಕಾಯಿತು. ಈಗ ಮೂಲ ಫೋಟೊದಲ್ಲೇ ಅಳೆಯುತ್ತೇನೆ. ಮೊಬೈಲ್ ಎತ್ತರ ಸ್ವಲ್ಪ ಬದಲಾದರೂ ಸ್ಕೇಲ್ ಮೇಲೆ ಹೊಸ ಗೆರೆ.

ವರದಿಗೆ ಫೋಟೊ ಚಿಕ್ಕದು ಮಾಡಲು ಗಿಂಪ್‌ನ 'ಇಮೇಜ್' ಮೆನುವಿನಲ್ಲಿ 'ಸ್ಕೇಲ್ ಇಮೇಜ್' ಇದೆ. ಅಗಲ-ಎತ್ತರದ ಪಕ್ಕದ ಸರಪಳಿ ಕೂಡಿಕೊಂಡಿರಲಿ, ಇಲ್ಲದಿದ್ದರೆ ಕಾಯಿ ಹಿಗ್ಗಿ ವಿಕಾರವಾಗುತ್ತದೆ. ಹತ್ತಿರವೇ ಇರುವ 'ಪ್ರಿಂಟ್ ಸೈಜ್' ಬೇರೆ. ಅದು ಡಿಪಿಐ ಮಾತ್ರ ಬದಲಿಸುತ್ತದೆ, ಪಿಕ್ಸೆಲ್ ಅಷ್ಟೇ ಇರುತ್ತವೆ. ನೂರಾರು ಫೋಟೊ ಇದ್ದರೆ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಒಂದೇ ಸಾಲಿನ ಆಜ್ಞೆಯಲ್ಲಿ ಮುಗಿಸುತ್ತದೆ. ಆದರೆ ಅದರ 'ಮೊಗ್ರಿಫೈ' ಆಜ್ಞೆ ಸುಮ್ನೆ ಓಡಿಸಿದರೆ ಮೂಲ ಫೋಟೊ ಮೇಲೆಯೇ ಬರೆದುಬಿಡುತ್ತದೆ. ಬೇರೆ ಫೋಲ್ಡರ್ ಹೆಸರು ಕೊಟ್ಟೇ ಓಡಿಸಿ.

ಅರ್ಜಿಯ ಫೋಟೊಗೂ ಇದೇ ಲೆಕ್ಕ, ಉಲ್ಟಾ ಅಷ್ಟೇ. 3.5 × 4.5 ಸೆಂ.ಮೀ., 300 ಡಿಪಿಐ ಬೇಕೆಂದರೆ 413 × 531 ಪಿಕ್ಸೆಲ್. ಕೆಬಿ ಇನ್ನೂ ಜಾಸ್ತಿ ಬಂದರೆ ಪಿಕ್ಸೆಲ್ ಮುಟ್ಟಬೇಡಿ, ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಗುಣಮಟ್ಟವನ್ನು 85ರ ಆಸುಪಾಸಿಗೆ ಇಳಿಸಿ ನೋಡಿ.