ವಸಡಿನ ಗ್ರಾಫ್ಟ್ ಆದ ಮ್ಯಾಲ ಲೇಸರ್ ಬೆಳಕು: ಎಲ್ಲಿಂದ ಬಂತು, ಯಾವ ಗಾಯಕ್ಕ ಉಪಯೋಗ ಆಗ್ತದ

ಕಲಬುರಗಿಯಾಗ ಈಗ ಹಲ್ಲಿನ ದವಾಖಾನಿ ಬೋರ್ಡಿನ ಮ್ಯಾಲ ಲೇಸರ್ ಅಂತ ಬರ್ದಿರೋದು ಕಾಮನ್ ಆಗ್ಯಾದ. ವಸಡು ಸರದು ಹಲ್ಲಿನ ಬೇರು ಕಾಣಕತ್ತದ, ಗ್ರಾಫ್ಟ್ ಮಾಡಬೇಕು, ಅಂದ್ರ ಅಂಗುಳದಿಂದ ತುಂಡು ತಗದು ವಸಡಿಗೆ ಕೂಡ್ಸಬೇಕು ಅಂತ ಡಾಕ್ಟ್ರು ಹೇಳಿದ ಮ್ಯಾಲ ಮಂದಿ ಕೇಳೋ ಪ್ರಶ್ನೆ ಒಂದೇ ಇರ್ತದ, ಆಪರೇಶನ್ ಆದಮ್ಯಾಲ ಲೇಸರ್ ಹಾಕಿಸಿದ್ರ ಗಾಯ ಜಲ್ದಿ ಮಾಯ್ತದಂತ, ಖರೇನಾ? ಇದಕ್ಕ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಾಗ ಹೇಳಕ್ಕ ಬರಂಗಿಲ್ಲ. ಯಾಕಂದ್ರ ಈ ಆಪರೇಶನ್‌ನಾಗ ಗಾಯ ಎರಡು ಇರ್ತಾವ, ವಸಡಿನಾಗ ಒಂದು, ಅಂಗುಳದಾಗ ಒಂದು, ಬೆಳಕು ಎರಡಕ್ಕೂ ಒಂದೇ ಥರ ಕೆಲಸ ಮಾಡಂಗಿಲ್ಲ. ಇದು ತಿಳೀಬೇಕಂದ್ರ ಸ್ವಲ್ಪ ಹಿಂದಕ್ಕ ಹೋಗಿ ನೋಡಬೇಕು.

ಮೊದಲು ವಸಡು ಯಾಕ ಸರೀತದ ಅಂತ ನೋಡೂಣ. ಗಟ್ಟಿ ಬ್ರಶ್ ತಗೊಂಡು ಜೋರಾಗಿ ಅಡ್ಡಡ್ಡ ತಿಕ್ಕೋದು, ಹಲ್ಲಿನ ಬುಡಕ್ಕ ಕಿಟ್ಟ ಕಟ್ಟಿ ಸೋಂಕಾಗೋದು, ಹಲ್ಲು ಸಾಲು ಬಿಟ್ಟು ಮುಂದ ಬಂದಿರೋದು, ಇವೆಲ್ಲ ಎಲ್ಲಾ ಊರಾಗೂ ಇರೋ ಕಾರಣನೇ. ನಮ್ ಕಡಿ ಇದರ ಜೊತಿಗೆ ತಂಬಾಕು ಸುಟ್ಟ ಪುಡಿ, ಮಿಶ್ರಿ ಅಂತಾರಲ್ರಿ, ಅದನ್ನ ಬೆರಳಿಗೆ ಹಚ್ಕೊಂಡು ವಸಡಿಗೆ ತಿಕ್ಕೋ ಚಟ ಅದ, ಬೂದಿ ಇದ್ದಿಲಿಂದ ಹಲ್ಲು ತಿಕ್ಕೋರು ಹಳ್ಳಿಗಳಾಗ ಇನ್ನೂ ಅದಾರ, ಗುಟ್ಕಾನ 2013ರಾಗ ಕರ್ನಾಟಕದಾಗ ಬ್ಯಾನ್ ಮಾಡಿದ್ರೂ ಪಾನ್ ಮಸಾಲಾ ಒಂದ್ ಪಾಕೀಟು ತಂಬಾಕು ಒಂದ್ ಪಾಕೀಟು ತಗೊಂಡು ಅಂಗೈಯಾಗ ಕೂಡಿಸಿ ಬಾಯಿಗೆ ಹಾಕ್ಕೊಳೋದು ನಿಂತಿಲ್ಲ. ದವಡಿ ಒಳಗ ದಿನಾ ಒಂದೇ ಕಡಿ ತಂಬಾಕು ಇಟ್ಕೊಂಡ್ರ ಆ ಜಾಗದ ವಸಡು ಸರದು ಹಲ್ಲು ಉದ್ದ ಕಾಣಕ್ಕ ಶುರು ಆಗ್ತದ, ತಣ್ಣನ್ ನೀರು ಕುಡದ್ರ ಜುಮ್ ಅಂತದ.

ಸರದ ವಸಡನ್ನ ವಾಪಸ್ ತರೋ ಪ್ರಯತ್ನ ಹಳೇದು. 1956ರಾಗ ಗ್ರೂಪ್ ಮತ್ತು ವಾರನ್ ಅನ್ನೋ ಇಬ್ಬರು ಬಾಜೂ ಹಲ್ಲಿನ ವಸಡನ್ನೇ ಸ್ವಲ್ಪ ಬಿಡಿಸಿ ಸರಸಿ ಹೊಲಿಯೋ ವಿಧಾನ ಬರದ್ರು. ಆದ್ರ ಬಾಜೂಕೂ ವಸಡು ಕಮ್ಮಿ ಇದ್ರ ಏನ್ ಮಾಡೋದು? ಆಗ ಕಣ್ಣು ಹೋಗಿದ್ದು ಅಂಗುಳದ ಮ್ಯಾಲ, ಅಲ್ಲಿ ಚರ್ಮ ದಪ್ಪ ಇರ್ತದ, ಗಟ್ಟಿ ಇರ್ತದ. 1963ರಾಗ ಬ್ಯೋರ್ನ್ ಅನ್ನೋರು ಅಂಗುಳದಿಂದ ತುಂಡು ತಗದು ವಸಡಿಗೆ ಕೂಡ್ಸೋದರ ಬಗ್ಗೆ ಬರದ್ರು, 1968ರಾಗ ಸಲ್ಲಿವನ್ ಮತ್ತು ಆಟ್ಕಿನ್ಸ್ ಅದನ್ನ ಹೆಂಗ ಮಾಡಬೇಕು, ಹೆಂಗ ಮಾಯ್ತದ ಅಂತ ಪದ್ಧತಿ ಪ್ರಕಾರ ಹಾಕಿಕೊಟ್ರು. ಇದಕ್ಕ ಫ್ರೀ ಜಿಂಜೈವಲ್ ಗ್ರಾಫ್ಟ್ ಅಂತಾರ. ತುಂಡು ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ, ಅಷ್ಟೇ.

ತೊಂದ್ರಿ ಏನಂದ್ರ ಈ ವಿಧಾನದಾಗ ಅಂಗುಳದ ಮ್ಯಾಲಿನ ಪದರನೇ ತಗೀತಾರ, ಹಂಗಾಗಿ ಆ ಜಾಗ ಹೊಲಿದು ಮುಚ್ಚಕ್ಕ ಬರಂಗಿಲ್ಲ, ಗಾಯ ತೆರದೇ ಇರ್ತದ, ಅಂಚಿನಿಂದ ಹೊಸ ಚರ್ಮ ಬೆಳ್ಕೊಂತ ಬಂದು ಮುಚ್ಚಕ್ಕ ಎರಡರಿಂದ ನಾಲ್ಕು ವಾರ ಹಿಡೀತದ. 1985ರಾಗ ಲ್ಯಾಂಗರ್ ದಂಪತಿ ಇನ್ನೊಂದು ದಾರಿ ತೋರ್ಸಿದ್ರು, ಮ್ಯಾಲಿನ ಪದರನ್ನ ಬಾಗಿಲ ಥರ ತಗದು ಒಳಗಿನ ಕನೆಕ್ಟಿವ್ ಟಿಶ್ಯೂ ಅನ್ನೋ ನಾರಿನ ಪದರ ಅಷ್ಟೇ ತಗೊಂಡು ಮತ್ತ ಮುಚ್ಚಿ ಹೊಲಿಯೋದು. ಇದರಾಗ ಅಂಗುಳದ ನೋವು ಕಮ್ಮಿ. ಬೇರು ಮುಚ್ಚೋ ಕೆಲಸಕ್ಕ ಈಗ ಹೆಚ್ಚು ಮಾಡೋದು ಇದೇ. ಆದ್ರ ವಸಡಿನ ಅಗಲ ಹೆಚ್ಚು ಮಾಡಬೇಕು ಅಂದಾಗ ಹಳೇ ವಿಧಾನ ಇನ್ನೂ ನಡೀತದ.

ನಮ್ ಮನ್ಯಾಗ ಅತ್ತಿಗಿಗೆ ಮಾಡಿದ್ದು ಆ ಹಳೇ ವಿಧಾನನೇ. ವಸಡಿನ ಕಡಿ ಅಷ್ಟು ನೋವಿಲ್ಲ ಅಂತಿದ್ರು, ಅಂಗುಳದ್ದೇ ದೊಡ್ಡ ಫಜೀತಿ ಆಯ್ತು. ಕಡಕ್ ರೊಟ್ಟಿ ಬಿಡ್ರಿ, ಬಿಸಿ ರೊಟ್ಟಿ ಸುದ್ದಾ ಹಾಲಿನಾಗ ಮುರದು ನೆನೆಸಿಟ್ಟು ತಿನ್ನಬೇಕು, ಶೇಂಗಾ ಹಿಂಡಿ ಕಣ್ಣೆದುರು ಇದ್ರೂ ಮುಟ್ಟಂಗಿಲ್ಲ, ಖಾರ ತಾಗಿದ್ರ ಜೀವ ಹೋದಂಗ ಆಗ್ತದ. ಅಂಬಲಿ, ಮಜ್ಜಿಗಿ ಅನ್ನ, ಮತ್ತ ಅಂಬಲಿ. ಜ್ವಾಳ, ಖಾರ ತಿಂದು ಬೆಳದ ಮಂದಿಗೆ ಆ ಎರಡು ವಾರ ಅಂದ್ರ ಸಣ್ಣ ಮಾತಲ್ಲ. ಗಾಯ ನಾಲ್ಕು ದಿನ ಮೊದಲೇ ಮುಚ್ಚಿದ್ರೂ ದೊಡ್ಡ ಉಪಕಾರ ಅನ್ಸೋದು ಅದಕ್ಕೇ.

ಈಗ ಬೆಳಕಿನ ಕಥಿ. ಬೆಳಕಿನಿಂದ ರೋಗ ವಾಸಿ ಮಾಡೋದು ಲೇಸರ್ ಬರೋ ಮುಂಚೇನೇ ಇತ್ತು, ಚರ್ಮದ ಕ್ಷಯಕ್ಕ ಬೆಳಕಿನ ಚಿಕಿತ್ಸೆ ಕಂಡುಹಿಡದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಾಗ ನೊಬೆಲ್ ಬಂದಿತ್ತು. ಲೇಸರ್ ಬಂದಿದ್ದು 1960ರ ಮೇ ತಿಂಗಳಾಗ, ಅಮೆರಿಕದ ಥಿಯೋಡೋರ್ ಮೈಮನ್ ರೂಬಿ ಹರಳಿನಿಂದ ಮಾಡಿದ್ದು. ಬಂದ ಕೂಡ್ಲೆ ಡಾಕ್ಟ್ರುಗಳಿಗೆ ಹೊಳದಿದ್ದು ಕತ್ತರಿಸೋದು, ಸುಡೋದು. ಬಾಸ್ಟನ್ ಕಡಿ ಪಾಲ್ ಮೆಕ್‌ಗಫ್ ಅನ್ನೋರು ಪ್ರಾಣಿಗಳಾಗ ಕ್ಯಾನ್ಸರ್ ಗಡ್ಡಿಗೆ ರೂಬಿ ಲೇಸರ್ ಬಿಟ್ಟು ಕರಗಸಿದ್ರು ಅಂತ ಸುದ್ದಿ ಬಂತು. ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಅದನ್ನ ತಾವೂ ಮಾಡಿ ನೋಡಬೇಕು ಅಂತ ಹೊಂಟ್ರು. ಅವರ ಹತ್ರ ಇದ್ದ ಲೇಸರ್‌ಗೆ ಅಷ್ಟು ಶಕ್ತಿ ಇರಲಿಲ್ಲ. ಗಡ್ಡಿ ಕರಗಲಿಲ್ಲ. ಆದ್ರ ಇಲಿಗಳ ಮೈ ಬೋಳಿಸಿದ ಜಾಗದಾಗ ಬೆಳಕು ಬಿದ್ದ ಕಡಿ ಕೂದಲು ಜಲ್ದಿ ಬೆಳದಿತ್ತು. ಇದು 1967ರ ಸುಮಾರಿನ ಮಾತು. ಶಕ್ತಿ ಕಮ್ಮಿ ಇದ್ದದ್ದರಿಂದನೇ ಅದು ಕಂಡಿದ್ದು, ಜೋರಿನ ಲೇಸರ್ ಇದ್ದಿದ್ರ ಚರ್ಮ ಸುಟ್ಟು ಹೋಗ್ತಿತ್ತು, ಕೂದಲಿನ ವಿಷಯ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಮೆಸ್ಟರ್ ಅಲ್ಲಿಗೆ ಬಿಡಲಿಲ್ಲ, ಎಷ್ಟೋ ದಿನದಿಂದ ಮಾಯದೇ ಇದ್ದ ಕಾಲಿನ ಹುಣ್ಣಿಗೆಲ್ಲ ಮುಂದ ಈ ಬೆಳಕು ಹಾಕಿ ನೋಡಿದ್ರು.

ಇಲ್ಲಿಂದ ದಾರಿ ಎರಡಾಯ್ತು. ಕತ್ತರಿಸೋ ಲೇಸರ್ ಒಂದು. ಪುಣೆಯಾಗ ಓದಿ ಅಮೆರಿಕಕ್ಕ ಹೋಗಿದ್ದ ಸಿ. ಕೆ. ಎನ್. ಪಟೇಲ್ 1964ರಾಗ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದ್ರು, ಅದು ಆಪರೇಶನ್ ಥಿಯೇಟರ್ ಸೇರ್ತು. ಇನ್ನೊಂದು, ಸುಡದೇ ಬಿಸಿನೂ ಮಾಡದೇ ಜೀವಕೋಶಕ್ಕ ಚಾಲನಾ ಕೊಡೋ ಲೋ ಲೆವೆಲ್ ಲೇಸರ್. ಈಗ ಇದಕ್ಕ ಫೋಟೋಬಯೋಮಾಡ್ಯುಲೇಶನ್ ಅಂತಾರ. ಬೋರ್ಡ್ ನೋಡಿ ಹೋಗೋ ಮಂದಿಗೆ ಇವೆರಡೂ ಒಂದೇ ಅನ್ಸತಾವ, ಅದರಾಗ ಅವರ ತಪ್ಪಿಲ್ಲ, ಯಾಕಂದ್ರ ಕ್ಲಿನಿಕ್ಕಿನಾಗ ಇರೋ ಡಯೋಡ್ ಲೇಸರ್ ಮಶೀನ್ ಒಂದೇ ಇರ್ತದ, ಸಣ್ಣ ಟಿಪ್ ಹಾಕಿ ಪವರ್ ಏರಸಿದ್ರ ವಸಡು ಕೊಯ್ತದ, ಅಗಲ ತಲಿ ಹಾಕಿ ಪವರ್ ಇಳಸಿದ್ರ ಗಾಯಕ್ಕ ಬೆಳಕು ಕೊಡ್ತದ. ಹಂಗಾಗಿ ಲೇಸರ್ ಮಾಡ್ತೀವಿ ಅಂದಾಗ ಯಾವ್ದು ಅಂತ ಕೇಳಲೇಬೇಕು.

ಬೆಳಕು ಒಳಗ ಏನ್ ಮಾಡ್ತದ ಅನ್ನೋದು ಭಾಳ ವರ್ಷ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ದೊಡ್ಡ ದೊಡ್ಡ ಡಾಕ್ಟ್ರುಗಳು ಇದನ್ನ ನಂಬ್ತಿರಲಿಲ್ಲ. ರಷ್ಯಾದಾಗ ಟೀನಾ ಕಾರು ಅನ್ನೋ ವಿಜ್ಞಾನಿ 1980ರ ದಶಕದಿಂದ ಇದರ ಮ್ಯಾಲೇ ಕೆಲಸ ಮಾಡಿ, ಜೀವಕೋಶದ ಒಳಗ ಶಕ್ತಿ ತಯಾರ ಮಾಡೋ ಮೈಟೊಕಾಂಡ್ರಿಯಾದಾಗ ಇರೋ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಅನ್ನೋ ಎಂಜೈಮ್ ಕೆಂಪು ಬೆಳಕು ಹೀರ್ಕೊಂತದ ಅಂತ ವಾದ ಮುಂದಿಟ್ರು. ಈಗ ಹೆಚ್ಚಿನವ್ರು ಒಪ್ಪೋದು ಇದನ್ನೇ. ಆ ಎಂಜೈಮಿಗೆ ಅಂಟ್ಕೊಂಡು ಅಡ್ಡ ಕುಂತ ನೈಟ್ರಿಕ್ ಆಕ್ಸೈಡ್ ಬಿಡಸ್ಕೊಂಡು ಹೋಗ್ತದ, ಕೋಶಕ್ಕ ಶಕ್ತಿ ಕೊಡೋ ಎಟಿಪಿ ಹೆಚ್ಚಾಗ್ತದ, ರಕ್ತನಾಳ ಸ್ವಲ್ಪ ಹಿಗ್ತಾವ, ಗಾಯ ಕೂಡ್ಸೋ ನಾರಿನಂಥ ಪ್ರೋಟೀನು ಕೊಲಾಜೆನ್ ನೇಯೋ ಫೈಬ್ರೊಬ್ಲಾಸ್ಟ್ ಕೋಶಗಳು ಚುರುಕಾಗ್ತಾವ ಅಂತ ವಿವರಣೆ. ಸುಮಾರು 600ರಿಂದ 1100 ನ್ಯಾನೊಮೀಟರ್ ಅಲೆ ಉದ್ದದ ನಡುವಿನ ಬೆಳಕೇ ಯಾಕ ಅಂದ್ರ, ಅದಕ್ಕಿಂತ ಕೆಳಗಿನದ್ದನ್ನ ರಕ್ತದ ಹಿಮೊಗ್ಲೋಬಿನ್ನು ಬಣ್ಣದ ಮೆಲನಿನ್ನು ಹೀರ್ತಾವ, ಮ್ಯಾಲಿನದ್ದನ್ನ ನೀರು ಹೀರ್ತದ. ಬಾಯಾಗ ಹೆಚ್ಚಾಗಿ ಬಳಸೋದು 660ರ ಕೆಂಪು ಮತ್ತು 810ರ ಆಸುಪಾಸಿನ ಕಣ್ಣಿಗೆ ಕಾಣದ ಬೆಳಕು.

ಆದ್ರ ಜಗಳ ಇರೋದು ಡೋಸಿನಾಗ. ತೊಗರಿಗೆ ನೀರು ಕಮ್ಮಿ ಆದ್ರ ಬೆಳಿ ಏಳಂಗಿಲ್ಲ, ಹೊಲದಾಗ ನೀರು ನಿಂತ್ರ ಬೇರು ಕೊಳೀತದ, ಈ ಬೆಳಕಿನ ಕಥಿನೂ ಹಂಗೇ, ಕಮ್ಮಿ ಆದ್ರ ಏನೂ ಆಗಂಗಿಲ್ಲ, ಹೆಚ್ಚಾದ್ರ ಮಾಯೋದೇ ನಿಧಾನ ಆಗಬಹುದು. ಲೆಕ್ಕ ಹಿಡದು ನೋಡ್ರಿ. 100 ಮಿಲಿವಾಟ್ ಲೇಸರ್‌ನ 40 ಸೆಕೆಂಡ್ ಹಿಡದ್ರ 4 ಜೌಲ್ ಶಕ್ತಿ ಬೀಳ್ತದ. ಅದು ಒಂದು ಚದರ ಸೆಂಟಿಮೀಟರ್ ಜಾಗದ ಮ್ಯಾಲ ಹರಡಿದ್ರ ಡೋಸ್, ಅಂದ್ರ ಒಂದು ಚದರ ಸೆಂಟಿಮೀಟರಿಗೆ ಬಿದ್ದ ಜೌಲ್, 4 ಆಯ್ತು, ಅದೇ 4 ಜೌಲ್ ಒಂದು ಸಣ್ಣ ಟಿಪ್‌ನಿಂದ 0.05 ಚದರ ಸೆಂಟಿಮೀಟರ್ ಜಾಗಕ್ಕ ಬಿದ್ರ ಡೋಸ್ 80 ಆಯ್ತು. ಮಶೀನ್ ಅದೇ, ಟೈಮ್ ಅದೇ, ಗಾಯಕ್ಕ ಬಿದ್ದಿದ್ದು ಮಾತ್ರ 20 ಪಟ್ಟು ಬೇರೆ. ಬ್ಯಾರೆ ಬ್ಯಾರೆ ದೇಶದ ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ಹೊಂದದೇ ಇರೋದಕ್ಕ ದೊಡ್ಡ ಕಾರಣ ಇದು ಅಂತ ನನ್ನ ಅನಿಸಿಕಿ, ಬೆಳಕಿನ ಬಣ್ಣನೂ ಬ್ಯಾರೆ, ಟಿಪ್ಪೂ ಬ್ಯಾರೆ, ಎಷ್ಟು ದಿನಕ್ಕೊಮ್ಮೆ ಅನ್ನೋದೂ ಬ್ಯಾರೆ.

ಗ್ರಾಫ್ಟಿಗೆ ಈ ಬೆಳಕು ಹಾಕಿ ನೋಡಿದ್ದು ಭಾಳ ಹಿಂದಿಂದೇನಲ್ಲ. 2009ರಾಗ ಬ್ರೆಜಿಲ್‌ನವ್ರು 10 ಮಂದಿ ಮ್ಯಾಲ ಮಾಡಿದ ಒಂದು ಸಣ್ಣ ಪ್ರಯೋಗದಾಗ ಅಂಗುಳದಿಂದ ತಂದು ಕೂಡಿಸಿದ ತುಂಡು ಬೆಳಕು ಹಾಕಿದ ಕಡಿ ಬ್ಯಾರೆ ಥರ ಏನೂ ಮಾಯಲಿಲ್ಲ. 2015ರಾಗ 40 ಮಂದಿ ಮ್ಯಾಲ ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್ ಮಾಡಿ ನೋಡಿದಾಗ, ಬೇರು ಪೂರ್ತಿ ಮುಚ್ಚಿದ್ದು ಬೆಳಕು ಹಾಕಿದವರಾಗ 65%, ಹಾಕದವರಾಗ 35%. ಇದನ್ನಷ್ಟೇ ಓದಿದ್ರ ಲೇಸರ್ ಗೆದ್ದಂಗ ಕಾಣ್ತದ. ಆದ್ರ ಸರಾಸರಿ ಎಷ್ಟು ಬೇರು ಮುಚ್ತು ಅಂತ ನೋಡಿದ್ರ ಎರಡೂ ಕಡಿ ಸುಮಾರು 90%, ಅಂಥಾ ಫರಕ್ ಏನಿಲ್ಲ. ಜಾಹೀರಾತು ಮಾಡೋರು ಮೊದಲಿನ ಲೆಕ್ಕ ಅಷ್ಟೇ ಹೇಳಿದ್ರ ನಾವು ಎರಡನೇದನ್ನೂ ಕೇಳಬೇಕು.

ಅಂಗುಳದ ಗಾಯದ ವಿಷಯ ಬ್ಯಾರೆ. ಅಲ್ಲಿ ಬೆಳಕು ಹಾಕಿ ನೋಡಿದ ಹಲವು ಪ್ರಯೋಗಗಳಾಗ ಮೊದಲ ಎರಡು ಮೂರು ವಾರದಾಗ ಗಾಯ ಜಲ್ದಿ ಸಣ್ಣ ಆಗಿದ್ದು ಕಂಡದ. ನೋವಿನ ಲೆಕ್ಕದಾಗ ಕೆಲವರಿಗೆ ಕಮ್ಮಿ ಆಗ್ಯಾದ, ಕೆಲವು ಪ್ರಯೋಗದಾಗ ಫರಕ್ ಬಂದಿಲ್ಲ. ಹಿಂಗ್ಯಾಕ ಅಂತ ವಿಚಾರ ಮಾಡಿದ್ರ ನನಗ ತಿಳಿಯೋದು ಇಷ್ಟು. ಅಂಗುಳದ ಗಾಯ ತನ್ನ ಜಾಗದಾಗೇ ಇರ್ತದ, ಸುತ್ತ ರಕ್ತ ಭರ್ತಿ ಇರ್ತದ, ಅಲ್ಲಿ ಬೇಕಾಗಿರೋದು ಕೋಶ ಜಲ್ದಿ ಬೆಳಿಯೋದು ಅಷ್ಟೇ, ಅದಕ್ಕ ಬೆಳಕು ಸಹಾಯ ಮಾಡಬಹುದು. ವಸಡಿಗೆ ಕೂಡಿಸಿದ ತುಂಡು ಹಂಗಲ್ಲ, ಅದರ ರಕ್ತನಾಳ ಕಡದು ಬಂದಿರ್ತದ. ಮೊದಲ ಮೂರು ದಿನ ಅದು ಕೆಳಗಿನಿಂದ ಜಿನುಗೋ ದ್ರವದ ಮ್ಯಾಲೇ ಜೀವ ಹಿಡ್ಕೊಂಡಿರ್ತದ, ಆಮ್ಯಾಲ ಹನ್ನೊಂದು ದಿನದ ತನಕ ಹೊಸ ರಕ್ತನಾಳ ಒಳಗ ಬರ್ತಾವ, ಪೂರ್ತಿ ಗಟ್ಟಿ ಆಗಕ್ಕ ಆರು ವಾರ. ಆ ಮೊದಲ ದಿನಗಳಾಗ ತುಂಡು ಅಲುಗಾಡಬಾರ್ದು, ಕೆಳಗ ರಕ್ತ ಗಡ್ಡಿ ಕಟ್ಟಬಾರ್ದು, ಹೊಲಗಿ ಸರಿ ಇರಬೇಕು, ತಂಬಾಕು ಬೀಡಿ ಬಾಯಿಗೆ ಬರಬಾರ್ದು, ಯಾಕಂದ್ರ ನಿಕೋಟಿನ್ ರಕ್ತನಾಳ ಬಿಗಿ ಹಿಡೀತದ. ಇದರಾಗ ಒಂದು ಕೆಟ್ರೂ ಯಾವ ಬೆಳಕೂ ಅದನ್ನ ಉಳಸಂಗಿಲ್ಲ.

ನಮ್ ಜಿಲ್ಲಾದ ಮಂದಿಗೆ ಇನ್ನೊಂದು ಲೆಕ್ಕ ಅದ. ಈ ಬೆಳಕು ಒಮ್ಮೆ ಹಾಕಿದ್ರ ಮುಗಿಯೋದಲ್ಲ, ಹೆಚ್ಚಿನ ಪ್ರಯೋಗಗಳಾಗ ಮೊದಲ ಒಂದೆರಡು ವಾರ ದಿನ ಬಿಟ್ಟು ದಿನ ಅನ್ನೋ ಹಂಗ ಕರದು ಹಾಕ್ಯಾರ. ಕಲಬುರಗಿ ಊರಾಗೇ ಇರೋರಿಗೆ ಅದು ಸಲೀಸು, ಇಲ್ಲಿ ಎಚ್‌ಕೆಇ ಸೊಸೈಟಿಯ ನಿಜಲಿಂಗಪ್ಪ ಡೆಂಟಲ್ ಕಾಲೇಜ್ ಅದ, ಅಲ್ ಬದರ್ ಡೆಂಟಲ್ ಕಾಲೇಜ್ ಅದ, ವಸಡಿನ ಸ್ಪೆಷಲಿಸ್ಟ್ ನೋಡಕ್ಕ ಸೊಲ್ಲಾಪುರ, ಹೈದ್ರಾಬಾದ್ ತನಕ ಓಡೋ ಜರೂರತ್ ಇಲ್ಲ. ಆದ್ರ ಚಿಂಚೋಳಿ ಕಡಿ ತಾಂಡಾದಿಂದ, ಅಫಜಲಪುರದ ಹಳ್ಳಿಯಿಂದ, ಯಾದಗಿರಿ ಆಚಿಂದ ಬರೋರು ಬಾಯಾಗ ಹಸಿ ಗಾಯ ಇಟ್ಕೊಂಡು ಮೇ ತಿಂಗಳ ಬಿಸಲಾಗ ಬಸ್ ಹತ್ತಿ, ಕೂಲಿ ಬಿಟ್ಟು, ಐದಾರು ಸಲ ಬರಬೇಕು ಅಂದ್ರ ಆ ಲಾಭ ಆ ತ್ರಾಸಿಗೆ ಸಮ ಆಗ್ತದೇನು? ಅಂಥವರಿಗೆ ಅಂಗುಳಕ್ಕ ಅಳತಿ ತಗೊಂಡು ಮಾಡೋ ಪ್ಲಾಸ್ಟಿಕ್ಕಿನ ತೆಳು ಪ್ಲೇಟ್ ಅದ, ಸ್ಟೆಂಟ್ ಅಂತಾರ, ಅದು ಹಾಕ್ಕೊಂಡ್ರ ಗಾಯಕ್ಕ ಊಟ ನಾಲಿಗಿ ತಾಗಂಗಿಲ್ಲ. ಕೊಲಾಜೆನ್ ಇಡೋದು ಅದ, ರೋಗಿದೇ ರಕ್ತ ತಗದು ತಿರುಗಿಸಿ ಮಾಡೋ ಪಿಆರ್‌ಎಫ್ ಪದರ ಅದ. ಇವೆಲ್ಲ ಆಪರೇಶನ್ ದಿನಾನೇ ಮುಗಿತಾವ. ದೂರದವರಿಗೆ ಡಾಕ್ಟ್ರು ಮೊದಲು ಇವನ್ನೇ ಹೇಳಬೇಕು ಅಂತ ನನಗ ಅನ್ಸತದ.

ಹಾಕಿಸೋರು ಎರಡು ವಿಷಯ ಬಿಡಬಾರ್ದು. ಡಾಕ್ಟ್ರು, ರೋಗಿ, ಬಾಜೂ ನಿಂತವ್ರು ಎಲ್ಲರ ಕಣ್ಣಿಗೂ ಆ ಲೇಸರ್‌ಗೆ ತಕ್ಕ ಕನ್ನಡಕ ಇರಲೇಬೇಕು, 810ರ ಬೆಳಕು ಕಣ್ಣಿಗೆ ಕಾಣಂಗಿಲ್ಲ ಆದ್ರ ರೆಟಿನಾ ತನಕ ಹೋಗ್ತದ. ಇನ್ನೊಂದು, ತಂಬಾಕು ತಿನ್ನೋರ ಬಾಯಾಗ ಬಿಳಿ ಮಚ್ಚಿ, ಕೆಂಪು ಮಚ್ಚಿ, ಮಾಯದ ಹುಣ್ಣು ಇದ್ರ ಮೊದಲು ಅದನ್ನ ಪರೀಕ್ಷಾ ಮಾಡಿಸಬೇಕು. ಕೋಶ ಬೆಳಸೋ ಬೆಳಕನ್ನ ಕ್ಯಾನ್ಸರ್ ಇರಬಹುದು ಅನ್ನೋ ಜಾಗದ ಮ್ಯಾಲ ಸುಮ್ನ ಬಿಡಬಾರ್ದು. ನಮ್ ಕಡಿ ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ.

ಮತ್ತ ಈ ಬೆಳಕಿಗೆ ಬಾಯಾಗ ಎಲ್ಲಕ್ಕಿಂತ ಗಟ್ಟಿ ಪುರಾವೆ ಇರೋದು ಗ್ರಾಫ್ಟಿನಾಗ ಅಲ್ಲವೇ ಅಲ್ಲ. ತಲಿ ಕುತ್ಗಿ ಕ್ಯಾನ್ಸರಿಗೆ ರೇಡಿಯೇಶನ್ ಕೊಡುವಾಗ ಬಾಯಿ ತುಂಬ ಹುಣ್ಣಾಗಿ ನೀರು ನುಂಗಕ್ಕೂ ಆಗದಂಗ ಆಗ್ತದಲ್ರಿ, ಅದನ್ನ ತಡಿಯಕ್ಕ. ಯಾವ ಚಿಕಿತ್ಸೆ ಬಳಸಬಹುದು ಅಂತ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆ 2018ರಾಗ ಇದಕ್ಕ ಮಾರ್ಗಸೂಚಿ ಕೊಟ್ತು, ಕ್ಯಾನ್ಸರ್ ರೋಗಿಗಳ ಆರೈಕೆಯ ಅಂತರರಾಷ್ಟ್ರೀಯ ಸಂಘ ಮಾಸ್ಕ್ 2020ರ ಮಾರ್ಗಸೂಚಿಯಾಗ ಡೋಸ್ ಸಮೇತ ಶಿಫಾರಸು ಮಾಡ್ಯಾದ. ಅಲ್ಲಿ ರೋಗಿ ಹೆಂಗೂ ರೇಡಿಯೇಶನ್‌ಗೆ ಅಂತ ವಾರಕ್ಕ ಐದು ದಿನ ದವಾಖಾನಿಗೆ ಬಂದೇ ಬರ್ತಾನ, ಬೆಳಕಿಗಂತ ಬ್ಯಾರೆ ಬಸ್ ಹತ್ತೋದಿಲ್ಲ. ಕಲಬುರಗಿಯಾಗ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಅದ, ಡೆಂಟಲ್ ಕಾಲೇಜುಗಳೂ ಇದೇ ಊರಾಗ ಅದಾವ. ಗ್ರಾಫ್ಟ್ ಮಾಡಿಸ್ಕೊಂಡೋರು ಎರಡು ವಾರ ಅಂಬಲಿ ಕುಡದು ಹೆಂಗೋ ದಾಟ್ತಾರ, ಆ ಕ್ಯಾನ್ಸರ್ ರೋಗಿಗಳಿಗೆ ಬಾಯಿ ಹುಣ್ಣಿನಿಂದ ಊಟ ನಿಂತ್ರ ಟ್ರೀಟ್‌ಮೆಂಟೇ ನಡುವ ನಿಲ್ಲಸಬೇಕಾಗ್ತದ, ಹಂಗಾಗಿ ನಮ್ ಊರಿಗೆ ಹೊಸ ಮಶೀನ್ ಬರೋದಿದ್ರ ಮೊದಲು ಅವರ ವಾರ್ಡಿಗೆ ಬರಲಿ.