ದಿನಕ್ಕೆ ಎರಡೇ, ಸಾರ್

ಹೃದಯಾಘಾತವಾಗಿ ಬದುಕಿ ಬಂದವರಿಗೆ ಬೀಡಿ, ಸಿಗರೇಟು ಕೆಟ್ಟದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಬಳ್ಳಾಪುರದಲ್ಲಿ ನನ್ನ ಬಳಿ ತಪಾಸಣೆಗೆ ಬರುವವರಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚುವವರು 'ಕಡಿಮೆ ಮಾಡಿದವರು'. "ಮೊದಲು ದಿನಕ್ಕೊಂದು ಕಟ್ಟು ಬೇಕಿತ್ತು, ಈಗ ಎರಡೇ, ಸಾರ್" ಎನ್ನುವಾಗ ಅವರ ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ ಇರುತ್ತದೆ.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರರೊಬ್ಬರ ಸೊಸೆ, ಬಹಳ ಅಚ್ಚುಕಟ್ಟಿನ ಹೆಣ್ಣುಮಗಳು, ಮಾವನ ಮಾತ್ರೆಗಳ ಸ್ಟೀಲ್ ಡಬ್ಬಿಯನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ರಾತ್ರಿಯ ಕೊಬ್ಬಿನ ಮಾತ್ರೆ. ಅವುಗಳ ಪಕ್ಕದಲ್ಲೇ ಕಾಗದದಲ್ಲಿ ಸುತ್ತಿದ ಎರಡು ಬೀಡಿ. "ತಿಂಡಿಯಾದ ಮೇಲೆ ಒಂದು, ಊಟವಾದ ಮೇಲೆ ಒಂದು. ಹೆಚ್ಚು ಕೇಳಿದರೆ ಕೊಡುವುದಿಲ್ಲ" ಎಂದರು. ಆ ಅಕ್ಕರೆಯನ್ನು ಕಂಡು ಗದರಲು ಮನಸ್ಸಾಗಲಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವೂ ಹೆಪ್ಪುಗಟ್ಟಲು ಕುಮ್ಮಕ್ಕು ಕೊಡುವ ಬೀಡಿಯೂ ಒಂದೇ ಡಬ್ಬಿಯಲ್ಲಿದ್ದವು.

ಎಲ್ಲರೂ ಎಡವುವುದು ಈ ಲೆಕ್ಕದಲ್ಲಿ. ಇಪ್ಪತ್ತರ ಬದಲು ಒಂದು ಸೇದಿದರೆ ಅಪಾಯವೂ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಇದು ಸ್ವಲ್ಪಮಟ್ಟಿಗೆ ನಿಜ. ಹೃದಯದ ಲೆಕ್ಕವೇ ಬೇರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸಿಗರೇಟು ಸೇದುವವರ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೆಯೋ, ಒಂದೇ ಒಂದು ಸೇದುವವರಿಗೂ ಅದರ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ರಕ್ತನಾಳದ ಒಳಪದರ ಕೆರಳಲು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ಸ್ವಲ್ಪ ಹೊಗೆಯೇ ಸಾಕು. ಅಲ್ಲದೆ, ಎರಡಕ್ಕೆ ಇಳಿಸಿದವರು ಆ ಎರಡನ್ನೇ ಆಳವಾಗಿ ಎಳೆದು, ಹೆಚ್ಚು ಹೊತ್ತು ಒಳಗೆ ಹಿಡಿದಿಡುತ್ತಾರೆ. ಬೀಡಿಯಂತೂ ಆರಿಹೋಗದಿರಲು ಬಿಟ್ಟೂ ಬಿಡದೆ ಎಳೆಯಬೇಕು.

"ಒಮ್ಮೆಲೇ ಬಿಟ್ಟರೆ ಹೃದಯಕ್ಕೆ ಆಘಾತವಾಗುವುದಿಲ್ಲವೇ?" ಎಂದು ಕೇಳುವವರೂ ಇದ್ದಾರೆ. ಆಗುವುದಿಲ್ಲ. ಸಿಡುಕು, ನಿದ್ದೆಗೇಡು, ಚಡಪಡಿಕೆ, ಕೆಲವರಿಗೆ ಮಲಬದ್ಧತೆ ಬರಬಹುದು. ಮೊದಲ ವಾರ ಕಷ್ಟ, ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಐಸಿಯುನಲ್ಲಿದ್ದ ದಿನಗಳಲ್ಲಿ ರೋಗಿ ಹೇಗೂ ಸೇದಿರುವುದಿಲ್ಲ, ಮೈಯಲ್ಲಿದ್ದ ನಿಕೋಟಿನ್ ಬಹುಪಾಲು ಖಾಲಿಯಾಗಿರುತ್ತದೆ. ಅತಿ ಕಷ್ಟದ ದಿನಗಳನ್ನು ದಾಟಿ ಬಂದವರಿಗೆ ಮನೆಯವರೇ 'ಎರಡೇ' ಎಂದು ಪಡಿ ಅಳೆದರೆ ಆ ಚಡಪಡಿಕೆಯನ್ನು ದಿನವೂ ಹೊಸದಾಗಿ ಶುರುಮಾಡಿಸಿದಂತೆ.

ತಡೆಯಲಾಗದವರಿಗೆ ನಿಕೋಟಿನ್ ಗಮ್ ಇದೆ. ಬಹಳ ಜನ ಅದನ್ನು ಬಬಲ್‌ಗಮ್‌ನಂತೆ ಅಗಿದು, ಬಿಕ್ಕಳಿಕೆ ಬಂದಾಗ ಉಗಿದು, "ಇದು ನನಗೆ ಒಗ್ಗುವುದಿಲ್ಲ" ಎನ್ನುತ್ತಾರೆ. ನಿಧಾನವಾಗಿ ಅಗಿಯಬೇಕು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಬಿಡಬೇಕು, ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಹದಿನೈದು ನಿಮಿಷ ಮುಂಚಿನಿಂದ ಕಾಫಿ, ಚಹಾ ಬೇಡ. ಅದರಲ್ಲಿ ಹೊಗೆಯಿಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ; ಸ್ಥಿತಿ ಸುಧಾರಿಸಿದ ಹೃದ್ರೋಗಿಗಳಿಗೆ ಬೀಡಿಗಿಂತ ಎಷ್ಟೋ ಸುರಕ್ಷಿತ. ಆದರೂ ಹೃದಯಾಘಾತದ ಮೊದಲ ದಿನಗಳಲ್ಲಿ ಅಥವಾ ಎದೆಬಡಿತದಲ್ಲಿ ಏರುಪೇರಿದ್ದರೆ, ನಿಮ್ಮ ವೈದ್ಯರನ್ನು ಕೇಳಿಯೇ ಶುರುಮಾಡಿ. ವ್ಯಸನ ಬಿಡಿಸುವ ಉಚಿತ ಸಹಾಯವಾಣಿ 1800-11-2356ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ, ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಪೂರ್ತಿ ಬಿಟ್ಟವರ ಲಾಭ ಸಣ್ಣದಲ್ಲ. ಹೃದಯಾಘಾತದ ನಂತರವೂ ಸೇದುವವರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಪ್ರಮಾಣ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಇಷ್ಟು ಮಾಡುವ ಮಾತ್ರೆ ನನ್ನ ಬಳಿ ಹೆಚ್ಚಿಲ್ಲ.

ಇನ್ನೊಂದು ಮಾತು. ನೆಂಟರ ಮದುವೆಯಲ್ಲಿ ಒಂದು ಸೇದಿಬಿಟ್ಟೆನೆಂಬ ನಾಚಿಕೆಗೆ ತಪಾಸಣೆಗೇ ಬಾರದೆ, ಚೀಟಿ ಮುಗಿದ ಮೇಲೆ ಮಾತ್ರೆಯನ್ನೂ ನಿಲ್ಲಿಸಿಬಿಡುವವರಿದ್ದಾರೆ. ಹೊಸ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಇರುವವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಾವಾಗಿಯೇ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಸೇದಿದ್ದರೂ ಬನ್ನಿ. ಎಷ್ಟು ಸೇದಿದಿರಿ, ಎಲ್ಲಿ, ಯಾರ ಜೊತೆ ಎಂದು ಕೇಳುತ್ತೇನೆ. ಮುಂದಿನ ಸಲ ಅಂಥ ಜಾಗದಲ್ಲಿ ಏನು ಮಾಡಬಹುದೆಂದು ಕೂತು ಮಾತನಾಡೋಣ.