ಓದುಗರ ಪ್ರಶ್ನೆ: ಡೇಟಾಶೀಟಿನಲ್ಲಿ ಇಲ್ಲದ ಇಂಪೀಡೆನ್ಸ್

"ಐಆರ್‌ಎಫ್510 ಟ್ರಾನ್ಸಿಸ್ಟರ್ ಹಾಕಿ 7 ಮೆಗಾಹರ್ಟ್ಸ್‌ಗೆ 5 ವ್ಯಾಟಿನ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಡೇಟಾಶೀಟ್ ಪೂರ್ತಿ ಹುಡುಕಿದೆ, ಔಟ್‌ಪುಟ್ ಇಂಪೀಡೆನ್ಸ್ ಎಷ್ಟು ಅಂತ ಎಲ್ಲೂ ಕೊಟ್ಟಿಲ್ಲ. ಅದು ಗೊತ್ತಿಲ್ಲದೆ ಆಂಟೆನಾ ಕಡೆಯ 50 ಓಮ್‌ಗೆ ಮ್ಯಾಚ್ ಮಾಡೋದು ಹೇಗೆ?"

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಟ್ರಾನ್ಸಿಸ್ಟರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ಇಂಪೀಡೆನ್ಸ್ ಅಂದರೆ ಎಸಿ ಕರೆಂಟಿಗೆ ಸಿಗುವ ಒಟ್ಟು ತಡೆ, ಅಳತೆ ಓಮಿನಲ್ಲಿ. ಟ್ರಾನ್ಸಿಸ್ಟರಿನ ಆ ಸಂಖ್ಯೆ ನಿಮಗೆ ಬೇಕಾಗಿಯೇ ಇಲ್ಲ. ಟ್ರಾನ್ಸಿಸ್ಟರಿನ ಒಳಗೆ ಎಷ್ಟು ಓಮ್ ಇದೆ ಅಂತ ಹುಡುಕಬೇಡಿ. ಅದರ ಮುಂದೆ ಎಷ್ಟು ಓಮ್ ಇಡಬೇಕು ಅಂತ ನೀವೇ ತೀರ್ಮಾನ ಮಾಡಿ. ನಿಮ್ಮ ಸಪ್ಲೈ 13.8 ವೋಲ್ಟ್ ಅಂದುಕೊಳ್ಳೋಣ. ಡ್ರೈನ್ (ಟ್ರಾನ್ಸಿಸ್ಟರಿನ ಔಟ್‌ಪುಟ್ ಕಾಲು) ವೋಲ್ಟೇಜ್ ಸೊನ್ನೆವರೆಗೆ ಇಳಿಯುವುದಿಲ್ಲ, ಅದಕ್ಕೆ 1.8 ವೋಲ್ಟ್ ಬಿಟ್ಟುಬಿಡಿ. ಏರಿಳಿಯಲು ಉಳಿಯುವುದು 12 ವೋಲ್ಟ್. 12ನ್ನು 12ರಿಂದಲೇ ಗುಣಿಸಿದರೆ 144. ಅದನ್ನು ಬೇಕಾದ ಪವರಿನ ಎರಡರಷ್ಟರಿಂದ, ಅಂದರೆ 10ರಿಂದ ಭಾಗಿಸಿ. 14.4 ಓಮ್. ಡ್ರೈನಿಗೆ ಕಾಣಬೇಕಾದ ಲೋಡ್ ಇದೇ. ಮ್ಯಾಚಿಂಗ್ ಇಲ್ಲದೆ 50 ಓಮನ್ನೇ ನೇರವಾಗಿ ತೋರಿಸಿದರೆ? 144ನ್ನು 100ರಿಂದ ಭಾಗಿಸಿ: 1.44 ವ್ಯಾಟ್. ಡ್ರೈವ್ ಎಷ್ಟೇ ಏರಿಸಿದರೂ ವೇವ್ ತಲೆ ಚಪ್ಪಟೆಯಾಗುತ್ತದೆ ಅಷ್ಟೇ, ಹೆಚ್ಚು ಪವರ್ ಬರಲ್ಲ.

ಇಷ್ಟು ಹೇಳಿದ ತಕ್ಷಣ ಮರುಪ್ರಶ್ನೆ ಬರುತ್ತದೆ: "ಸೋರ್ಸ್ (ಪವರ್ ಕೊಡುವ ಮೂಲ) ಮತ್ತು ಲೋಡ್ ಎರಡರ ರೆಸಿಸ್ಟೆನ್ಸೂ ಸಮ ಇದ್ದಾಗಲೇ ಜಾಸ್ತಿ ಪವರ್ ಸಿಗೋದು ಅಂತ ಕಾಲೇಜಲ್ಲಿ ಓದಿದ್ದೇವಲ್ಲ?" ಓದಿದ್ದೀರಿ, ಆ ಪ್ರಮೇಯ ನಿಜವೂ ಹೌದು. ಆದರೆ ಅದರ ಜೊತೆಗಿದ್ದ ಷರತ್ತನ್ನು ಮರೆತಿದ್ದೀರಿ. ಸೋರ್ಸಿನ ವೋಲ್ಟೇಜೂ ಒಳಗಿನ ರೆಸಿಸ್ಟೆನ್ಸೂ ಬದಲಾಗಬಾರದು, ಎಷ್ಟು ಕರೆಂಟ್ ಎಳೆದರೂ ಸೋರ್ಸಿಗೆ ಏನೂ ಆಗಬಾರದು. ನಮ್ಮ ಫೈನಲ್, ಅಂದರೆ ಕೊನೆಯ ಹಂತದ ಟ್ರಾನ್ಸಿಸ್ಟರಿಗೆ ಇದರಲ್ಲಿ ಒಂದೂ ಹೊಂದಲ್ಲ.

ಕಾರಿನ ಬ್ಯಾಟರಿ ನೋಡಿ. 12 ವೋಲ್ಟ್, ಒಳಗಿನ ರೆಸಿಸ್ಟೆನ್ಸ್ 0.01 ಓಮ್ ಅಂತ ಇಟ್ಟುಕೊಳ್ಳಿ. ಪ್ರಮೇಯದ ಪ್ರಕಾರ ಲೋಡ್ ಕೂಡ 0.01 ಓಮ್ ಇರಬೇಕು. ಆಗ ಹರಿಯುವುದು 600 ಆಂಪಿಯರ್. ಹೊರಗೆ 3600 ವ್ಯಾಟ್, ಬ್ಯಾಟರಿಯ ಹೊಟ್ಟೆಯೊಳಗೂ 3600 ವ್ಯಾಟ್. ಹೆಡ್‌ಲೈಟನ್ನು ಹೀಗೆ ಯಾರಾದರೂ ಮ್ಯಾಚ್ ಮಾಡ್ತಾರಾ? ಬಲ್ಬಿಗೆ ಎಷ್ಟು ವ್ಯಾಟ್ ಬೇಕು ಅಂತ ನೋಡಿ ಫಿಲಮೆಂಟ್ ಆರಿಸುತ್ತಾರೆ. ನಾವು ಮೇಲೆ ಮಾಡಿದ ಲೆಕ್ಕವೂ ಅದೇ.

ಇನ್ನೊಂದು ಕಡೆಯಿಂದ ನೋಡೋಣ. ಸೋರ್ಸಿನಲ್ಲೇ ಅರ್ಧ ಪವರ್ ಸುಡಬೇಕು ಅನ್ನುವುದಾದರೆ ಯಾವ ಆಂಪ್ಲಿಫೈಯರಿನ ದಕ್ಷತೆಯೂ 50 ಪರ್ಸೆಂಟ್ ದಾಟಬಾರದಿತ್ತು. ಕ್ಲಾಸ್ ಬಿ (ಟ್ರಾನ್ಸಿಸ್ಟರ್ ಅರ್ಧ ವೇವ್ ಮಾತ್ರ ಆನ್) ಲೆಕ್ಕದಲ್ಲಿ 78.5 ಪರ್ಸೆಂಟ್ ಮುಟ್ಟುತ್ತದೆ, ಕ್ಲಾಸ್ ಸಿ (ಅರ್ಧಕ್ಕಿಂತಲೂ ಕಡಿಮೆ ಹೊತ್ತು ಆನ್) ಅದನ್ನೂ ದಾಟುತ್ತದೆ. ನಿಮ್ಮ ಮೇಜಿನ ಮೇಲೇ ಅಳೆದು ನೋಡಿ: 13.8 ವೋಲ್ಟಿನಲ್ಲಿ 0.6 ಆಂಪಿಯರ್ ಎಳೆದು 5 ವ್ಯಾಟ್ ಕೊಟ್ಟರೆ ಆಗಲೇ 60 ಪರ್ಸೆಂಟ್ ಆಯಿತು. ಜೊತೆಗೆ ಐಆರ್‌ಎಫ್510 ಪೂರ್ತಿ ಆನ್ ಆದಾಗ ಅರ್ಧ ಓಮಿನ ಆಸುಪಾಸು, ಆಫ್ ಆದಾಗ ಲಕ್ಷಗಟ್ಟಲೆ ಓಮ್. ಸೆಕೆಂಡಿಗೆ 70 ಲಕ್ಷ ಸಲ ಎರಡರ ನಡುವೆ ಓಡಾಡುವ ಇದರಲ್ಲಿ ನೀವು ಯಾವ ಸಂಖ್ಯೆಗೆ ಮ್ಯಾಚ್ ಮಾಡುತ್ತೀರಿ?

ಈ ತಪ್ಪು ಹಳೆಯದು, ಅದಕ್ಕೇ ನನಗೆ ಓದುಗರ ಮೇಲೆ ಕೋಪ ಬರಲ್ಲ. 1840ರ ಸುಮಾರಿಗೆ ವಿಜ್ಞಾನಿ ಯಾಕೋಬಿ ಈ ಪ್ರಮೇಯ ಹೇಳಿದ ಮೇಲೆ ಎಷ್ಟೋ ಎಂಜಿನಿಯರುಗಳು ಜನರೇಟರಿನಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ತೆಗೆಯಲು ಸಾಧ್ಯವೇ ಇಲ್ಲ ಅಂತ ನಂಬಿದ್ದರು. ಎಡಿಸನ್ ಮತ್ತು ಅವರ ಜೊತೆಗಿದ್ದ ಅಪ್ಟನ್, ಒಳಗಿನ ರೆಸಿಸ್ಟೆನ್ಸ್ ತುಂಬಾ ಕಡಿಮೆ ಇರುವ ಡೈನಮೋ ಕಟ್ಟಿ ಅದು ತಪ್ಪು ಅಂತ ತೋರಿಸಿದರು.

ಇನ್ನು ನೆಟ್‌ವರ್ಕ್. ಇದು ಸುಲಭದ ಭಾಗ. 14.4ರಿಂದ 50ಕ್ಕೆ ಒಂದು ಎಲ್ ನೆಟ್‌ವರ್ಕ್ (ಒಂದು ಕಾಯಿಲ್, ಒಂದು ಕೆಪಾಸಿಟರ್) ಸಾಕು. ಕ್ಯೂ, ಅಂದರೆ ಸರ್ಕ್ಯೂಟ್ ಎಷ್ಟು ಚೂಪಾಗಿ ಟ್ಯೂನ್ ಆಗುತ್ತದೆ ಅನ್ನುವ ಅಳತೆ, 1.57 ಬರುತ್ತದೆ. 7.1 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಡ್ರೈನಿನಿಂದ ಸರಣಿಯಲ್ಲಿ 0.51 ಮೈಕ್ರೋಹೆನ್ರಿ ಕಾಯಿಲ್, 50 ಓಮ್ ಕಡೆ ಗ್ರೌಂಡಿಗೆ 705 ಪಿಕೋಫ್ಯಾರಡ್. ಕೆಂಪು ಟಿ50-2 ಟೊರಾಯ್ಡ್ (ಬಳೆಯಾಕಾರದ ಕಬ್ಬಿಣದ ಪುಡಿಯ ಕೋರ್) ಮೇಲೆ 10 ಸುತ್ತು ಹಾಕಿದರೆ ಕಾಯಿಲ್ ಆಯಿತು. ಕಾಯಿಲಿಗಿಂತ ಮೊದಲು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ, ಇಲ್ಲದಿದ್ದರೆ ಸಪ್ಲೈ ವೋಲ್ಟೇಜ್ ನೇರವಾಗಿ ಆಂಟೆನಾಗೆ ಹೋಗುತ್ತದೆ. ಡ್ರೈನಿನ ಒಳಗಿನ ಸುಮಾರು 100 ಪಿಕೋಫ್ಯಾರಡ್ 7.1 ಮೆಗಾಹರ್ಟ್ಸ್‌ನಲ್ಲಿ 224 ಓಮ್, 14.4ರ ಮುಂದೆ ಬಿಟ್ಟುಬಿಡಬಹುದು. 28ರಲ್ಲಿ ಅದೇ 57 ಓಮ್ ಆಗುತ್ತದೆ, ಅಲ್ಲಿ ಲೆಕ್ಕಕ್ಕೆ ಸೇರಿಸಲೇಬೇಕು. ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಅನಗತ್ಯ ಸಿಗ್ನಲ್) ತಡೆಯಲು ಇಷ್ಟು ಕಡಿಮೆ ಕ್ಯೂ ಸಾಲದು, ಇದರ ಮುಂದೆ ಬೇರೆಯೇ ಲೋ ಪಾಸ್ ಫಿಲ್ಟರ್ ಬೇಕು.

ಪವರ್ ಕೊಡುವ ಮೊದಲು ಪರೀಕ್ಷೆ ಮಾಡಿ. ಟ್ರಾನ್ಸಿಸ್ಟರ್ ಬಿಚ್ಚಿ, ಆಂಟೆನಾ ಕಡೆ 50 ಓಮಿನ ಡಮ್ಮಿ ಲೋಡ್ ಇಟ್ಟು, ಡ್ರೈನ್ ಜಾಗದಿಂದ ನ್ಯಾನೋವಿಎನ್‌ಎಯಲ್ಲಿ (ಇಂಪೀಡೆನ್ಸ್ ಅಳೆಯುವ ಪುಟ್ಟ ಉಪಕರಣ) ನೋಡಿ. 14 ಓಮ್ ಹತ್ತಿರ ಕಂಡರೆ ಕೆಲಸ ಸರಿಯಾಗಿದೆ.

ಯಾರೂ ಕೇಳದ ಒಂದು ವಿಷಯ: ಆ 705 ಪಿಕೋಫ್ಯಾರಡ್ ಯಾವ ಜಾತಿಯ ಕೆಪಾಸಿಟರ್? ಪಿಕೋಫ್ಯಾರಡ್ ಸಂಖ್ಯೆ ಸರಿಯಿದ್ದರೆ ಸಾಕು ಅಂತ ನಾನೂ ಒಂದು ಕಾಲದಲ್ಲಿ ಕೈಗೆ ಸಿಕ್ಕ ಡಿಸ್ಕ್ ಸೆರಾಮಿಕ್ ಹಾಕಿದ್ದೆ. ಕೀ ಒತ್ತಿದಾಗ 5 ವ್ಯಾಟ್, ಒಂದು ನಿಮಿಷದಲ್ಲಿ 4, ಆಮೇಲೆ 3. ಟ್ರಾನ್ಸಿಸ್ಟರ್ ಹೋಯಿತು ಅಂತ ಎರಡು ಸಲ ಬದಲಾಯಿಸಿದೆ. ಪವರ್ ತೆಗೆದು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದಾಗ ಬಿಸಿಯಾಗಿದ್ದದ್ದು ಕೆಪಾಸಿಟರ್. 5 ವ್ಯಾಟಿಗೆ 50 ಓಮ್ ಮೇಲೆ 15.8 ವೋಲ್ಟ್ ಇರುತ್ತದೆ, ಆ ಕೆಪಾಸಿಟರಿನ ರಿಯಾಕ್ಟೆನ್ಸ್ (ಎಸಿಗೆ ಅದು ಒಡ್ಡುವ ತಡೆ) ಬರೀ 32 ಓಮ್. ಅಂದರೆ ಅದರಲ್ಲಿ ಅರ್ಧ ಆಂಪಿಯರ್ ಹರಿಯುತ್ತಿದೆ! ಎನ್‌ಪಿ0 (ಬಿಸಿಯಾದರೂ ಬದಲಾಗದ ಸೆರಾಮಿಕ್) ಅಥವಾ ಸಿಲ್ವರ್ ಮೈಕಾ ಹಾಕಿ. ಒಂದೇ ಬೇಡ, 330, 330, 47 ಮೂರನ್ನೂ ಪ್ಯಾರಲಲ್ ಆಗಿ ಬೆಸುಗೆ ಹಾಕಿದರೆ 707 ಆಗುತ್ತದೆ, ಕರೆಂಟೂ ಹಂಚಿಹೋಗುತ್ತದೆ.